ಮುದೇನಹಾಳದ ದೋಣಿಗೆ ಯಾವ ಆಯಿಲ್

ಬಳ್ಳಾರಿ
4 ಮೇ 2025

ಶ್ರೀ ಭೀಮರಾಜ ಅವರಿಗೆ,

ನಮಸ್ಕಾರ. ನನ್ನ ಹೆಸರು ನೇತ್ರಾ. ಬಳ್ಳಾರಿಯ ಒಂದು ರಕ್ತನಿಧಿಯಲ್ಲಿ ಕೆಲಸ ಮಾಡುತ್ತೇನೆ. ನೀವು ನನ್ನನ್ನು ನೋಡಿಲ್ಲ, ನನ್ನ ತಾಯಿಯನ್ನು ನೋಡಿದ್ದೀರಿ. ಕುರುಗೋಡಿನ ಉಚ್ಚೆಂಗೆಮ್ಮ. ಹೋದ ಶ್ರಾವಣದಲ್ಲಿ ನಿಮ್ಮೂರಿನ ತಂಗಿಯ ಮನೆಗೆ ತೊಟ್ಟಿಲ ಕಾರ್ಯಕ್ಕೆಂದು ಬಂದಿದ್ದರು. ಹೊಳೆ ಏರಿ ರಸ್ತೆ ಮುಳುಗಿದ ದಿನವೇ ಅವರಿಗೆ ಎದೆನೋವು ಬಂತು. ನೀವು ದೋಣಿಯಲ್ಲಿ ಮಲಗಿಸಿಕೊಂಡು ಈಚೆ ದಂಡೆಗೆ ತಂದಿರಿ. ಸಿರುಗುಪ್ಪದಿಂದ ಆಂಬುಲೆನ್ಸ್ ಬರುವವರೆಗೆ ಕೈ ಹಿಡಿದುಕೊಂಡು ಕೂತಿದ್ದಿರಂತೆ. ಅಮ್ಮ ಈಗ ಚೆನ್ನಾಗಿದ್ದಾರೆ. ಮೊನ್ನೆ ಕುರುಗೋಡಿನ ಸಂತೆಗೆ ತಾವೇ ಹೋಗಿ ಬದನೆಕಾಯಿ ಆರಿಸಿ ತಂದರು.

ಇದಕ್ಕೆ ಹೇಗೆ ಧನ್ಯವಾದ ಹೇಳುವುದು ಎಂದು ತಿಳಿಯದೆ ಇಷ್ಟು ತಿಂಗಳು ಕಳೆದವು. ಫೋನ್ ಮಾಡುತ್ತೇನೆ ಎಂದರೆ ಅಮ್ಮ, ‘ಅವನಿಗೆ ಕಿವಿ ಕೇಳಂಗಿಲ್ಲ, ಫೋನಿನ್ಯಾಗ ಒದರಿದ್ರ ಏನ್ ಬಂತು? ಕಾಗದ ಬರಿ. ಪಂಚೆ, ಶಾಲು ಅಂತ ಕಳಿಸಬ್ಯಾಡ ಮತ್ತ. ಏನ್ ಬೇಕಂತ ಕೇಳು’ ಎಂದರು.

ಕೇಳುತ್ತಿದ್ದೇನೆ. ಸಂಕೋಚವಿಲ್ಲದೆ ಬರೆಯಿರಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇತಿ,
ನೇತ್ರಾ


ಮುದೇನಹಾಳ
13 ಮೇ 2025

ನೇತ್ರಾ ಮೇಡಂ ಅವರಿಗೆ ಜೈಭೀಮ್.

ನಿಮ್ಮ ಕಾಗದ ಓದಿ ನಾನೂ ನನ್ನ ಹೆಂಡತಿ ಪಂಪಾವತಿಯೂ ಬಹಳ ಸಂತೋಷಪಟ್ಟೆವು. ದಾಟಿಸಿದವರಲ್ಲಿ ಎಷ್ಟೋ ಮಂದಿ ಆಮೇಲೆ ಏನಾದರು ಎಂದು ನಮಗೆ ತಿಳಿಯುವುದೇ ಇಲ್ಲ. ನಿಮ್ಮ ತಾಯಿ ಎದೆ ಹಿಡಿದುಕೊಂಡೇ, ‘ಮೆತ್ತಗ ಹೊಡಿ ಲೇ, ನಾ ಸತ್ರ ಮನ್ಯಾಗ ಸಾಯ್ತೀನಿ, ನೀರಾಗ ಸಾಯಾಕ ಒಲ್ಲೆ’ ಎಂದು ಬೈದರು. ಬೈಯುವವರು ಬದುಕುತ್ತಾರೆ ಎಂದು ಆಗಲೇ ಅಂದುಕೊಂಡೆ.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಎಂಜಿನ್ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದೆ, ಕಿವಿ ಅಲ್ಲೇ ಬಿಟ್ಟು ಬಂದೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಫೋನಿಗೆ ತುಟಿ ಇಲ್ಲ.

ನನಗೆ ಏನೂ ಬೇಡ. ದೋಣಿಗೆ ಒಂದು ಬೇಕು. ದೋಣಿ ಪಂಚಾಯ್ತಿಯದು, ಹಿಂದೆ ತೂಗುಹಾಕುವ ಪೆಟ್ರೋಲ್ ಎಂಜಿನ್. ಅದರ ಆಯಿಲ್ ಫಿಲ್ಟರ್, ಅಂದರೆ ಆಯಿಲ್ ಸೋಸುವ ಮುಷ್ಟಿಗಾತ್ರದ ಡಬ್ಬಿ, ಹಾಕಿ ಎರಡು ಮಳೆಗಾಲ ಆಯಿತು. ಸಿರುಗುಪ್ಪದಲ್ಲಿ ಕೇಳಿದರೆ ಮೋಟಾರ್ ಸೈಕಲ್ಲಿನದು ತೋರಿಸುತ್ತಾರೆ. ಬಳ್ಳಾರಿಯಲ್ಲಿ ಸಿಕ್ಕರೆ ಕಳಿಸಿ. ಎಂಜಿನ್ ಮೇಲಿನ ನಂಬರನ್ನು ಈ ಕಾಗದದ ಹಿಂದುಗಡೆ ಬರೆದಿದ್ದೇನೆ.

ಆಯಿಲ್ ಬೇಡ. ಆಯಿಲಿಗೆ ನಮ್ಮಲ್ಲಿ ಕೊರತೆ ಇಲ್ಲ.

ಭೀಮರಾಜ


ಬಳ್ಳಾರಿ
22 ಮೇ 2025

ಭೀಮರಾಜ ಅವರಿಗೆ,

ನಮಸ್ಕಾರ. ನೀವು ಬೇಡ ಎಂದರೂ ಆಯಿಲ್ ಕಳಿಸುತ್ತಿದ್ದೇನೆ, ಬೈಯಬೇಡಿ.

ಚನ್ನಬಸವರಾಜ ಎಂಬವರ ಬಿಡಿಭಾಗಗಳ ಅಂಗಡಿಗೆ ಹೋಗಿದ್ದೆ. ‘ಯಾವ ಗಾಡಿಗ್ರಿ ಮೇಡಂ?’ ಎಂದರು. ದೋಣಿಗೆ ಎಂದೆ. ‘ಬಳ್ಳಾರ್‍ಯಾಗ ದೋಣಿ? ಕುಡಿಯಾಕ ನೀರ ಬರವಲ್ದು’ ಎಂದು ಅಂಗಡಿಯಲ್ಲಿದ್ದವರನ್ನೆಲ್ಲ ನಗಿಸಿದರು. ನಾನೂ ನಕ್ಕೆ. ಆಮೇಲೆ ನಿಮ್ಮ ನಂಬರ್ ಹಿಡಿದು ಎಲ್ಲೆಲ್ಲಿಗೋ ಫೋನ್ ಮಾಡಿದರು. ಸರಿಯಾದ ಫಿಲ್ಟರ್ ಮಂಗಳೂರಿನಿಂದ ಬರಬೇಕಂತೆ, ತಿಂಗಳ ಮೇಲಾಗುತ್ತದೆ. ಅಲ್ಲಿಯವರೆಗೆ ಎಂದು ಒಂದು ಕಾರಿನ ಫಿಲ್ಟರ್ ಕೊಟ್ಟರು. ‘ಥ್ರೆಡ್ ಒಂದೇ ಐತ್ರಿ, ಕಣ್ಣು ಮುಚ್ಚಿ ಹಾಕಿಸ್ರಿ.’ ಥ್ರೆಡ್, ಅಂದರೆ ತಿರುಪಿನ ಹಲ್ಲು, ಕೂತರೆ ಸಾಕೇ ಎಂದು ಒಂದು ಕ್ಷಣ ಅನುಮಾನವಾಯಿತು. ಆದರೆ ಇಂಥ ಅಂಗಡಿಯಲ್ಲಿ ನನ್ನ ಅನುಮಾನಕ್ಕೆ ಬೆಲೆಯೇನು ಎಂದು ಸುಮ್ಮನಾದೆ.

ಆಯಿಲ್ ಮಾತ್ರ ಅಂಗಡಿಯಲ್ಲಿದ್ದವುಗಳಲ್ಲೇ ಅತಿ ದುಬಾರಿಯದು. ಪೂರ್ತಿ ಸಿಂಥೆಟಿಕ್. ‘ಕಾರಿಗೆ ಹಾಕಿದ್ರ ಕುದುರಿ ಆಗ್ತೈತಿ’ ಎಂದರು. ಅಮ್ಮನನ್ನು ಉಳಿಸಿದ ದೋಣಿಗೆ ಕಡಿಮೆಯದನ್ನು ಕೊಡಲು ಮನಸ್ಸಾಗಲಿಲ್ಲ.

ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಹುಲುಗೇಶ್ ಕೈಯಲ್ಲಿ ಕೊಟ್ಟಿದ್ದೇನೆ.

ನೇತ್ರಾ


ಮುದೇನಹಾಳ
2 ಜೂನ್ 2025

ನೇತ್ರಾ ಮೇಡಂ ಅವರಿಗೆ ಜೈಭೀಮ್.

ಹುಲುಗೇಶ್ ಡಬ್ಬಿಗಳನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಆಯಿಲ್ ಡಬ್ಬಿ ಎಷ್ಟು ಚಂದ ಇದೆ ಎಂದರೆ ಪಂಪಾವತಿ ಅದನ್ನು ಕಾರಪುಡಿಗೆ ಎತ್ತಿಟ್ಟಿದ್ದಾಳೆ. ಫಿಲ್ಟರ್ ಸರಿಯಾಗಿ ಕೂತಿತು. ಆಯಿಲನ್ನು ಇದ್ದದ್ದರ ಜೊತೆ ಸೇರಿಸಿ ಎಂಜಿನ್ನಿಗೆ ಹಾಕಿದೆ. ಬಳ್ಳಾರಿಯಿಂದ ಬಂದದ್ದು ಎಂದು ಊರಿಗೆಲ್ಲ ಹೇಳಿದ್ದೇನೆ. ನಿಮ್ಮ ಉಪಕಾರ ದೊಡ್ಡದು.

ಎಂಜಿನ್ನಿಗೂ ನನ್ನ ಹಾಗೆ ವಯಸ್ಸಾಗುತ್ತಿದೆ. ಎಷ್ಟು ಎಳೆದರೂ ಜೋರು ಏರುವುದಿಲ್ಲ. ಆದರೆ ಹಾಡು ಕಲಿತಿದೆ. ನಡು ಹೊಳೆಗೆ ಹೋದ ಕೂಡಲೇ ಪೀಂ ಎಂದು ಹಾಡುತ್ತದಂತೆ, ಈಚೆ ದಂಡೆಗೆ ಬರುವತನಕ ನಿಲ್ಲಿಸುವುದಿಲ್ಲವಂತೆ. ಸಾಲಿ ಹುಡುಗರು ದಂಡೆಯ ಮೇಲೆ ನಿಂತು ಅದರ ತಾಳಕ್ಕೆ ಕುಣಿಯುತ್ತಾರೆ. ನನಗೆ ಕೇಳಿಸುವುದಿಲ್ಲ, ಅವರ ಕುಣಿತ ನೋಡಿ ಸಂತೋಷಪಡುತ್ತೇನೆ.

ನಿಮ್ಮ ತಾಯಿಗೆ ನಮಸ್ಕಾರ ತಿಳಿಸಿ.

ಭೀಮರಾಜ


ಬಳ್ಳಾರಿ
6 ಜೂನ್ 2025

ಭೀಮರಾಜ ಅವರಿಗೆ,

ಇದನ್ನು ಹುಲುಗೇಶ್ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿದ ತಕ್ಷಣ ದೋಣಿ ನಿಲ್ಲಿಸಿ.

ಎಂಜಿನ್ ಹಾಡುತ್ತದೆ ಎಂದು ಬರೆದದ್ದನ್ನು ಮೊದಲು ಓದಿ ನಕ್ಕೆ. ಮಾರನೆಯ ದಿನ ಕೆಲಸದ ನಡುವೆ ಏಕೋ ಅದೇ ನೆನಪಾಯಿತು. ನಮ್ಮಲ್ಲಿ ರಕ್ತ ಇಡುವ ಪೆಟ್ಟಿಗೆ ಬೆಚ್ಚಗಾದರೂ ಪೀಂ ಎನ್ನುತ್ತದೆ, ಅದನ್ನು ಯಾರೂ ಹಾಡು ಎನ್ನುವುದಿಲ್ಲ. ನಿಮ್ಮ ಎಂಜಿನ್ನಿನ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಆಯಿಲ್ ಒಳಗೆಲ್ಲ ಸರಿಯಾಗಿ ಹರಿಯದಿದ್ದಾಗ ಎಂಜಿನ್ ಹಾಗೆ ಕೂಗುತ್ತದೆ. ಜೋರು ಏರದಂತೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಮುಂಭಾಗದಲ್ಲಿ ಒಂದು ಕೆಂಪು ದೀಪವೂ ಹತ್ತುತ್ತದಂತೆ. ಅದು ಹತ್ತುತ್ತಿಲ್ಲವೇ? ಹೀಗೇ ಓಡಿಸಿದರೆ ನಡು ಹೊಳೆಯಲ್ಲಿ ಒಂದು ದಿನ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಜುಲೈಯಲ್ಲಿ ಡ್ಯಾಮಿನ ಗೇಟು ತೆರೆದರೆ ನಿಮ್ಮೂರಿಗೆ ಇರುವುದು ಅದೊಂದೇ ದಾರಿ.

ನಾನು ಕಳಿಸಿದ್ದೂ ತಪ್ಪೇ. ದೋಣಿಯ ಎಂಜಿನ್ ಸದಾ ತೇವದಲ್ಲಿ ಇರುತ್ತದೆ, ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುತ್ತದೆ, ಹೊರಟರೆ ಪೂರ್ತಿ ಜೋರಿನಲ್ಲಿ ಓಡುತ್ತದೆ. ಅದರ ಆಯಿಲಿಗೆ ತುಕ್ಕು ತಡೆಯುವ ಗುಣ ಬೇರೆಯೇ ಇರಬೇಕು. ಕಾರಿನ ಆಯಿಲ್ ಎಷ್ಟೇ ದುಬಾರಿಯಾದರೂ ಆ ಕೆಲಸಕ್ಕೆ ಮಾಡಿದ್ದಲ್ಲ. ಫಿಲ್ಟರ್ ಒಳಗಿನ ಬಾಯಿ ಎಷ್ಟು ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂಬುದೂ ಬೇರೆ. ಥ್ರೆಡ್ ಒಂದೇ ಇದ್ದರೆ ಸಾಲದು. ಕೃತಜ್ಞತೆಯನ್ನು ಬೆಲೆಯಲ್ಲಿ ಅಳೆದೆ, ಎಂಜಿನ್ನಿಗೆ ಏನು ಬೇಕೆಂದು ಕೇಳಲಿಲ್ಲ.

ಈಗ ಒಳಗಿರುವ ಆಯಿಲನ್ನು ಒಂದು ಬಾಟಲಿಯಲ್ಲಿ ತೆಗೆದು ಕಳಿಸುತ್ತೀರಾ? ನೋಡಬೇಕು.

ನೇತ್ರಾ


ಮುದೇನಹಾಳ
11 ಜೂನ್ 2025

ಮೇಡಂ,

ದೋಣಿ ನಿಲ್ಲಿಸಿದೆ. ಕೆಂಪು ದೀಪ ಇದೆ. ಆಯುಧಪೂಜೆಗೆ ಹಚ್ಚಿದ ವಿಭೂತಿ, ಕುಂಕುಮದ ಅಡಿಯಲ್ಲಿ ಮುಚ್ಚಿಹೋಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಎಂಜಿನ್ ಹಚ್ಚಿ, ಜೋರು ಮಾಡಿದೆ. ದೀಪ ಹತ್ತಿ ಉರಿಯಿತು. ಎಷ್ಟು ತಿಂಗಳಿನಿಂದ ಉರಿಯುತ್ತಿತ್ತೋ. ಅದರ ಮುಂದೆ ಎಷ್ಟು ಜನರನ್ನು ಕೂರಿಸಿಕೊಂಡು ಹೋದೆನೋ.

ಬಾಟಲಿ ಹುಲುಗೇಶ್ ಕೈಯಲ್ಲಿದೆ.

ಭೀಮರಾಜ


ಬಳ್ಳಾರಿ
16 ಜೂನ್ 2025

ಭೀಮರಾಜ ಅವರಿಗೆ,

ಬಾಟಲಿ ಬಂತು. ಕಿಟಕಿಯಲ್ಲಿ ಇಟ್ಟು ಬೆಳಗಾದ ಮೇಲೆ ನೋಡಿದರೆ ಅಡಿಯಲ್ಲಿ ಲೋಳೆಯಂತೆ ಏನೋ ಕೂತಿತ್ತು. ಚನ್ನಬಸವರಾಜರು ಬೆರಳಲ್ಲಿ ಉಜ್ಜಿ, ಮೂಸಿ, ಕೈ ಒರೆಸಿಕೊಂಡರು. ‘ಇದ್ರಾಗ ಲಾರಿ ಆಯಿಲ್ ಐತ್ರಿ, ಟ್ರ್ಯಾಕ್ಟರಿನ ಗೇರ್ ಆಯಿಲ್ ಐತಿ, ನೀವು ಒಯ್ದದ್ದೂ ಐತಿ. ಇದು ಆಯಿಲ್ ಅಲ್ರಿ ಮೇಡಂ, ಮದಿವಿ ಮನಿ ಮರುದಿನದ ಸಾರು.’

ಆಯಿಲಿಗೆ ಕೊರತೆ ಇಲ್ಲ ಎಂದು ನೀವು ಬರೆದದ್ದು ಇದೇ ಏನು? ಸಿಕ್ಕ ಸಿಕ್ಕ ಕಡೆ ಉಳಿದದ್ದನ್ನು ಕೂಡಿಸಿ ತರುತ್ತೀರಾ? ಪಂಚಾಯ್ತಿ ಆಯಿಲಿಗೆಂದು ಏನೂ ಕೊಡುವುದಿಲ್ಲವೇ, ಅಥವಾ ಕೊಟ್ಟದ್ದು ಬೇರೆಯದಕ್ಕೆ ಹೋಗುತ್ತದೆಯೇ? ಎಂಜಿನ್ ಜೊತೆ ಆಯುಷ್ಯ ಕಳೆದವರು ನೀವು. ಜನ ಕೂರುವ ದೋಣಿಯಲ್ಲಿ ಇಂಥ ಉಳಿತಾಯ ಸರಿಯೇ ಎಂದು ಕೇಳದೆ ಇರಲಾರೆ.

ನೇತ್ರಾ


ಬಳ್ಳಾರಿ
27 ಜೂನ್ 2025

ಭೀಮರಾಜ ಅವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಹುಲುಗೇಶ್‌ನನ್ನು ಕೇಳಿದರೆ, ‘ಕಾಗದ ಓದಿ ಮಡಚಿ ಅಂಗಿ ಕಿಸೇದಾಗ ಇಟಗೊಂಡ್ರು’ ಎಂದ.

ನನ್ನ ಕಾಗದವನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡೆ. ಕೇಳಬೇಕಾದದ್ದು ಒಂದೇ ಪ್ರಶ್ನೆ ಇತ್ತು, ಇಷ್ಟೊಂದು ಬಗೆಯ ಆಯಿಲ್ ಎಲ್ಲಿಂದ ಬಂತು ಎಂದು. ಅದನ್ನು ಕೇಳದೆ, ಉತ್ತರವನ್ನು ನಾನೇ ಮಾಡಿಕೊಂಡು ನಿಮ್ಮ ಮೇಲೆ ಹಾಕಿದೆ. ನಮ್ಮ ಅಮ್ಮನ ಕೈ ಹಿಡಿದು ಕೂತವರಿಗೆ ಹೀಗೆ ಬರೆಯಬಾರದಿತ್ತು.

ಈಗ ಕೇಳುತ್ತೇನೆ. ಎಲ್ಲಿಂದ ಬಂತು?

ನೇತ್ರಾ


ಮುದೇನಹಾಳ
30 ಜೂನ್ 2025

ನೇತ್ರಾ ಅವರಿಗೆ ಜೈಭೀಮ್.

ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಬರೆಯಲು ಕೂತರೆ ಎಲ್ಲಿಂದ ಹಿಡಿಯುವುದು ತಿಳಿಯಲಿಲ್ಲ.

ಆಯಿಲ್ ಕೊಂಡದ್ದಲ್ಲ, ಕೂಡಿಸಿದ್ದೂ ಅಲ್ಲ. ಕೊಟ್ಟದ್ದು. ಹೊಳೆ ದಾಟಿ ಸುಖವಾಗಿ ಬಂದವರು ಅಮಾವಾಸ್ಯೆಗೆ ದಂಡೆಯ ಗಂಗಮ್ಮನ ದೀಪಕ್ಕೆ ಎಣ್ಣೆ ಕೊಡುವುದು ನಮ್ಮೂರ ಪದ್ಧತಿ. ಈ ದೋಣಿ ಬಂದ ಮೇಲೆ ಜನ ಎಂಜಿನ್ನಿಗೂ ಕೊಡತೊಡಗಿದರು. ಟ್ರ್ಯಾಕ್ಟರ್ ಇದ್ದವರು ಅದರದು, ಭತ್ತ ಕೊಯ್ಯುವ ಮಷೀನ್ ಇದ್ದವರು ಅದರದು, ಪಂಪ್‌ಸೆಟ್ಟಿನವರು ಅದರದು. ಎಲ್ಲವೂ ಒಳ್ಳೆಯ ಆಯಿಲೇ, ಅವರವರ ಎಂಜಿನ್ನಿಗೆ. ಪಂಚಾಯ್ತಿಯವರೂ ಊರೇ ಕೊಡುತ್ತದಲ್ಲ ಎಂದು ಬಿಟ್ಟರು.

ಕೊಟ್ಟೂರಪ್ಪ ಗೌಡರು ಎಂದು ಇದ್ದಾರೆ. ಅವರ ಸೊಸೆಯನ್ನು ಹೆರಿಗೆಗೆ ದಾಟಿಸಿದ್ದೆ. ಅಂದಿನಿಂದ ಪ್ರತಿ ಅಮಾವಾಸ್ಯೆ ತಾವೇ ಇಳಿದು ಬರುತ್ತಾರೆ. ಡಬ್ಬಿಯನ್ನು ನೆಲದ ಮೇಲಿಟ್ಟು ತಗೋ ಎನ್ನುವುದಿಲ್ಲ, ನನ್ನ ಕೈಯಲ್ಲಿ ಇಡುತ್ತಾರೆ. ನಮ್ಮಪ್ಪ ಸುಂಕಣ್ಣ ಅವರ ಹೊಲದಲ್ಲೇ ದುಡಿದು ಸತ್ತ. ಅವನಿಗೆ ಅವರ ಮನೆಯ ನೀರು ಮೇಲಿನಿಂದ ಬೊಗಸೆಗೆ ಬೀಳುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಕುಡಿದಿದ್ದೇನೆ. ಈಗ ಅವರ ಕೈಯ ಡಬ್ಬಿ ನನ್ನ ಕೈಗೆ ಬರುತ್ತದೆ, ಬೆರಳಿಗೆ ಬೆರಳು ತಾಗುತ್ತದೆ. ಗೇರ್ ಆಯಿಲ್ ಈ ಎಂಜಿನ್ನಿಗೆ ಹಾಕಬಾರದು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸ್ವಲ್ಪ ಹಾಕಿದರೆ ಏನಾಗುತ್ತದೆ ಎಂದುಕೊಂಡೆ. ಬೇಡ ಎಂದರೆ ಆ ಕೈ ಮತ್ತೆ ಚಾಚುತ್ತದೋ ಇಲ್ಲವೋ ಎಂಬ ಭಯ. ಅವರ ಎದುರಿಗೇ ಹಾಕುತ್ತಿದ್ದೆ. ಅವರು ಕೈ ಮುಗಿಯುತ್ತಿದ್ದರು.

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೂ ಬಂದಿದ್ದರು. ಎಂಜಿನ್ ಬಿಚ್ಚಿದೆ ಎಂದು ಹೇಳಿ ಡಬ್ಬಿ ತೆಗೆದಿಟ್ಟುಕೊಂಡೆ. ಬೇಡ ಎನ್ನಲಿಲ್ಲ.

ಭೀಮರಾಜ


ಬಳ್ಳಾರಿ
5 ಜುಲೈ 2025

ಭೀಮರಾಜಣ್ಣನಿಗೆ ಜೈಭೀಮ್.

ನಿಮ್ಮ ಕಾಗದವನ್ನು ಕುರುಗೋಡಿಗೆ ಒಯ್ದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡು, ‘ಕೈಯಾಗ ಕೊಟ್ಟಿದ್ದನ್ನ ಹೆಂಗ ಬ್ಯಾಡಂತಾನವಾ? ನಿನಗ ತಿಳಿಯಂಗಿಲ್ಲ ಬಿಡು’ ಎಂದರು. ಆಮೇಲೆ ತಮ್ಮ ಬೊಗಸೆಯ ಕಥೆ ಹೇಳಿದರು. ನನಗೆ ಇಷ್ಟು ವಯಸ್ಸಾದರೂ ಹೇಳಿರಲಿಲ್ಲ. ನಾನು ಬೆಳೆದದ್ದು ಬಳ್ಳಾರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಅಪ್ಪ, ಅಮ್ಮ ಏನೇನನ್ನು ನನ್ನಿಂದ ದೂರ ಇಟ್ಟು ಬೆಳೆಸಿದರು ಎಂದು ನಿಮ್ಮ ಕಾಗದದಿಂದ ತಿಳಿಯಿತು. ಅವರಿಗೂ ನಿಮಗೂ ಋಣಿ.

ಮಂಗಳೂರಿನ ಫಿಲ್ಟರ್ ಬಂದಿದೆ, ಕಳಿಸುತ್ತಿದ್ದೇನೆ. ಚನ್ನಬಸವರಾಜರು ಈ ಸಲ ಪುಸ್ತಕ ನೋಡಿಯೇ ಆಯಿಲ್ ತರಿಸಿದರು. ಡಬ್ಬಿಯ ಮೇಲೆ ಆಯಿಲಿನ ಮಂದಕ್ಕೆ ಹತ್ತು-ಡಬ್ಲ್ಯು-ಮೂವತ್ತು ಎಂದೂ, ದೋಣಿಯ ಎಂಜಿನ್ನಿಗೆ ಎಂಬುದಕ್ಕೆ ಎಫ್‌ಸಿ-ಡಬ್ಲ್ಯು ಎಂದೂ ಇದೆ. ಹಳೆಯದನ್ನು ಪೂರ್ತಿ ಇಳಿಸಿ, ಇದೇ ಆಯಿಲಿನಿಂದ ಒಮ್ಮೆ ತೊಳೆದು, ಮತ್ತೆ ಇಳಿಸಿ, ಆಮೇಲೆ ಹೊಸ ಫಿಲ್ಟರ್ ಹಾಕಬೇಕಂತೆ. ಮೊದಲ ಸಲ ಹಚ್ಚುವಾಗ ಪಂಪಾವತಿ ಅತ್ತಿಗೆ ಪಕ್ಕದಲ್ಲಿರಲಿ. ದೀಪ ನೀವು ನೋಡಿ, ಕೂಗು ಅವರು ಕೇಳಲಿ.

ಅಮಾವಾಸ್ಯೆಯ ಆಯಿಲ್ ಬಗ್ಗೆ ಒಂದು ಮಾತು. ನಮ್ಮ ರಕ್ತನಿಧಿಗೆ ಮನೆಯವರಿಗೆಂದು ರಕ್ತ ಕೊಡಲು ಬರುವವರ ರಕ್ತದ ಗುಂಪು ಎಷ್ಟೋ ಸಲ ಹೊಂದುವುದಿಲ್ಲ. ಬೇಡ ಎಂದು ಕಳಿಸುವುದಿಲ್ಲ. ತೆಗೆದುಕೊಂಡು ಹೊಂದುವ ಇನ್ನೊಬ್ಬರಿಗೆ ಇಡುತ್ತೇವೆ. ನೀವೂ ಡಬ್ಬಿ ತೆಗೆದುಕೊಂಡು ಟ್ರ್ಯಾಕ್ಟರಿನದನ್ನು ಟ್ರ್ಯಾಕ್ಟರಿನವರಿಗೆ, ಪಂಪಿನದನ್ನು ಪಂಪಿನವರಿಗೆ ಕೊಡಬಹುದೇನೋ. ಕೈ ಚಾಚಿದವರಿಗೆ ನೋವಾಗುವುದಿಲ್ಲ. ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ದಂಡೆಯಲ್ಲಿ ನಿಂತವರು ನೀವು.

ನಿಮ್ಮ ತಂಗಿ,
ನೇತ್ರಾ


ಮುದೇನಹಾಳ
3 ಆಗಸ್ಟ್ 2025

ತಂಗಿ ನೇತ್ರಾಗೆ ಜೈಭೀಮ್.

ನೀನು ಬರೆದ ಹಾಗೆಯೇ ತೊಳೆದೆ. ಹಳೆಯ ಆಯಿಲ್ ಬೆಲ್ಲದ ಪಾಕದಂತೆ ಇಳಿಯಿತು. ಹೊಸ ಫಿಲ್ಟರ್ ಹಾಕಿ ಹಚ್ಚಿದೆ, ನಡು ಹೊಳೆಗೆ ಹೋಗಿ ಪೂರ್ತಿ ಎಳೆದೆ. ದೀಪ ಹತ್ತಲಿಲ್ಲ. ಪಂಪಾವತಿ ಎಂಜಿನ್ನಿನ ಮೂತಿಯ ಹತ್ತಿರ ಕಿವಿ ಇಟ್ಟು, ಕೈ ಅಲ್ಲಾಡಿಸಿ ಇಲ್ಲ ಎಂದಳು. ‘ಹಾಡ ಹೋತಲ್ಲೋ ಕಾಕಾ’ ಎಂದು ಹುಡುಗರಿಗೆ ಮಾತ್ರ ಬೇಜಾರು.

ಅದಾದ ವಾರದೊಳಗೆ ಗೇಟು ತೆರೆದರು, ರಸ್ತೆ ಹೋಯಿತು. ದಿನವೂ ದಾಟಿಸುತ್ತಿದ್ದೇನೆ. ಸೆಳವಿಗೆ ಎದುರಾಗಿ ಎಳೆದರೂ ಎಂಜಿನ್ ಸೋಲುವುದಿಲ್ಲ. ಪ್ರತಿ ಸಲ ಈಚೆ ದಂಡೆ ಮುಟ್ಟಿದಾಗ ನಿನ್ನನ್ನೂ ನಿನ್ನ ತಾಯಿಯನ್ನೂ ನೆನೆಯುತ್ತೇವೆ. ನೀನು ಸಿಟ್ಟಿನಲ್ಲಿ ಬರೆದ ಕಾಗದವನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ಪ್ರಶ್ನೆ ಕೇಳುವವರು ಬೇಕಿತ್ತು.

ನಾಗರ ಅಮಾವಾಸ್ಯೆಗೆ ಗೌಡರು ಡಬ್ಬಿ ಹಿಡಿದು ಇಳಿದು ಬಂದರು. ನಿನ್ನ ಉಪಾಯ ಮಾಡೋಣ ಎಂದೇ ನಿಂತಿದ್ದೆ. ತಗೊಂಡು ಬೇರೆಯವರಿಗೆ ಕೊಟ್ಟರೆ ಆಯಿತು. ಆದರೆ ಗೌಡರು ನೋಡುವುದು ಎಂಜಿನ್ನಿಗೆ ಹಾಕುವುದನ್ನು. ಅವರ ಎದುರಿಗೆ ನಗುತ್ತ ತಗೊಂಡು, ಆಮೇಲೆ ಹಾಕ್ತೀನ್ರಿ ಎನ್ನಬೇಕು. ಮುಂದಿನ ಅಮಾವಾಸ್ಯೆಗೆ ಮತ್ತೆ ನಗಬೇಕು. ಡಬ್ಬಿ ಕೈಗೆ ಬಂತು. ಹಾಗೇ ಹಿಡಿದುಕೊಂಡು ನಿಂತೆ.

‘ಗೌಡ್ರ, ಇದು ಬ್ಯಾಡ್ರಿ’ ಅಂದೆ.

‘ಏನು?’

‘ಈ ಆಯಿಲ್ ಈ ಎಂಜಿನ್ನಿಗೆ ಆಗಂಗಿಲ್ರಿ. ವಾಪಸ್ ಒಯ್ರಿ.’

ದಂಡೆಯಲ್ಲಿ ಜನ ಇದ್ದರು. ಪಂಪಾವತಿ ಸೆರಗು ಹಿಡಿದುಕೊಂಡು ನಿಂತುಬಿಟ್ಟಳು. ಗೌಡರ ಮುಖ ಕಪ್ಪಾಯಿತು.

‘ಯಾವಾಗಿಂದ ಆಗಂಗಿಲ್ಲ?’

‘ಮೊದಲಿಂದಾನ್ರಿ.’

‘ಮತ್ತ ಇಷ್ಟ ದಿನ ನನ್ನ ಮುಂದ ಹಾಕಿದೆಲ್ಲೋ?’

‘ನೀವು ಕೈಯಾಗ ಕೊಟ್ರಿ. ಹೆಂಗ ಬ್ಯಾಡ ಅನ್ಲಿ?’

ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ ತುಟಿ ಅಲ್ಲಾಡಿತು. ‘ನನ್ನ ಸೊಸಿ ಕುಂತಿದ್ಲಲ್ಲೋ ಅದರಾಗ. ಮೊಮ್ಮಗ ಕುಂತಾನ. ಹೇಳಬಾರದೇನಲೇ ಹುಚ್ಚ.’ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ ದಿಬ್ಬ ಹತ್ತಿ ಹೋದರು.

ಮುಗಿಯಿತು ಎಂದುಕೊಂಡೆ. ಎಂಜಿನ್ ಉಳಿಯಿತು, ಆ ಕೈ ಹೋಯಿತು. ಹಗ್ಗ ಸುತ್ತುತ್ತ ಕೂತೆ. ಸ್ವಲ್ಪ ಹೊತ್ತಿಗೆ ಪಂಪಾವತಿ ದಿಬ್ಬದಿಂದ ಓಡಿ ಇಳಿದು ಬಂದು ಎದುರಿಗೆ ಕೂತಳು. ಮೇಲೆ ಕೊಯ್ಲು ಮಷೀನಿನವರು, ಪಂಪಿನವರು ಡಬ್ಬಿ ಹಿಡಿದು ಬರುತ್ತಿದ್ದರಂತೆ. ಗೌಡರು ದಾರಿಗೆ ಅಡ್ಡ ನಿಂತು ಎಲ್ಲರನ್ನೂ ತಿರುಗಿಸಿ ಕಳಿಸುತ್ತಿದ್ದಾರಂತೆ.

‘ಒಯ್ಯಿರಪ್ಪ, ವಾಪಸ್ ಒಯ್ಯಿರಿ. ಭೀಮರಾಜ ಒಲ್ಲೆ ಅಂದಾನ.’

ನಮ್ಮಪ್ಪನ ಹೆಸರಿನ ಜೊತೆ ಊರು ಆಡುತ್ತಿದ್ದ ಮಾತು ಬೇರೆ. ಕೊಟ್ಟೇವಿ, ತಗೊಂಡಾನ. ಹೇಳೇವಿ, ಮಾಡ್ಯಾನ. ಒಲ್ಲೆ ಅಂದಾನ ಎಂದು ಯಾರೂ ಎಂದೂ ಹೇಳಿದ್ದಿಲ್ಲ.

ಪಂಪಾವತಿ ನನಗೆ ತಿಳಿಯಲಿಲ್ಲವೇನೋ ಎಂದು ಮತ್ತೊಮ್ಮೆ, ತುಟಿ ಅಗಲಿಸಿ, ಹೇಳಿದಳು. ಮೊದಲ ಸಲವೇ ತಿಳಿದಿತ್ತು. ಇನ್ನೊಮ್ಮೆ ಹೇಳಲಿ ಎಂದು ಅವಳ ತುಟಿಯನ್ನೇ ನೋಡುತ್ತ ಕೂತಿದ್ದೆ.

ನಿನ್ನ ಅಣ್ಣ,
ಭೀಮರಾಜ